ಮೊದಲನೆಯದನ್ನು ಬಿಟ್ಟು

"ಇದಕ್ಕೆ ಮುಂಚೆ ಮಗು ಏನಾದ್ರೂ ಹೋಗಿತ್ತಾ?"

ಕೋಲಾರದ ಮಕ್ಕಳ ವಾರ್ಡಿನಲ್ಲಿ ಡಾಕ್ಟರು ಶ್ರೀವಾಣಿ ಮೇಡಮ್ ಹೀಗೆ ಕೇಳಿದ್ದು ನನ್ನ ಮಗಳು ಚಂದನಳನ್ನು. ಉತ್ತರ ಕೊಟ್ಟವಳು ನಾನು.

"ಇಲ್ಲ ಮೇಡಮ್. ಇದೇ ಮೊದಲನೇದು."

ಚಂದನಳ ತೊಡೆಯ ಮೇಲೆ ಎಪ್ಪತ್ತೊಂದು ದಿನದ ಗಂಡುಮಗು ಮಲಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ನಾಲಿಗೆಯ ಮೇಲೆ ಹಾಲು ಹೆಪ್ಪುಗಟ್ಟಿದಂತೆ ಬಿಳಿ ಅಗ್ರ. ಹುಟ್ಟಿದಾಗ ಬಿ.ಸಿ.ಜಿ. ಹಾಕಿದ ಎಡತೋಳಿನ ಗಾಯ ಮಾಗದೆ ಹಸಿಯಾಗಿಯೇ ಇತ್ತು, ಅದರ ಕೆಳಗೆ ಕಂಕುಳಲ್ಲಿ ಬೇಲದ ಬೀಜದಷ್ಟಿದ್ದ ಗಂಟು ಈಗ ನೆಲ್ಲಿಕಾಯಿಯಷ್ಟಾಗಿತ್ತು. ನನ್ನ ಕೈ ಚಂದನಳ ಬೆನ್ನ ಹಿಂದೆ ಇತ್ತು. ಅವಳು ಬಾಯಿ ತೆರೆದದ್ದು ಕಂಡು ಸೆರಗಿನ ಮರೆಯಲ್ಲೇ ಅವಳ ತೋಳನ್ನು ಒತ್ತಿದೆ. ತೆರೆದ ಬಾಯಿ ಮುಚ್ಚಿಕೊಂಡಿತು.

"ಮದುವೆ ಸಂಬಂಧದಲ್ಲೇನಾ?"

"ಸಂಬಂಧಾನೇ ಮೇಡಮ್. ದೂರದ್ದು."

ಮಗುವಿನ ಅಪ್ಪ ವೆಂಕಟ್ ಬಾಗಿಲ ಪಕ್ಕದಲ್ಲಿ ಔಷಧಿ ಚೀಟಿ ಹಿಡಿದು ನಿಂತಿದ್ದ. ವೆಂಕಟ್ ನನ್ನ ಒಡಹುಟ್ಟಿದ ತಮ್ಮ. ಚಂದನಳಿಗೆ ಸೋದರಮಾವ. ಅವನು ತಲೆ ತಗ್ಗಿಸಿದ. ಮೇಡಮ್ ಬರೆದುಕೊಂಡರು.

ನಾನು ದೇವರಾಯಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಟೀಚರು. ಯಾರು ಬಸುರಿ, ಯಾರಿಗೆ ಎಷ್ಟನೇ ಹೆರಿಗೆ, ಯಾವ ಮನೆಯ ಮಗುವಿನ ತೂಕ ಎಷ್ಟು ಎಂದು ಮನೆಮನೆಗೆ ಹೋಗಿ ಕೇಳುವುದೇ ನನ್ನ ಕೆಲಸ. ಹೇಳಲು ನಾಚುವ ಹೆಂಗಸರಿಗೆ, "ನಂಗೆ ಹೇಳ್ದೆ ಇನ್ಯಾರಿಗೆ ಹೇಳ್ತೀಯೇ" ಎಂದು ಗದರಿಸಿ ಹೇಳಿಸಿದವಳು. "ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಬೇಡ" ಎಂಬ ಚಿತ್ರವಿರುವ ಹಾಳೆಗೆ ಮೈದಾ ಅಂಟು ಕಾಯಿಸಿ ಅಂಗನವಾಡಿಯ ಗೋಡೆಗೆ ಹಚ್ಚಿದವಳೂ ನಾನೇ. ಹಚ್ಚಿದ ಎರಡನೇ ವರ್ಷಕ್ಕೆ ನನ್ನ ಮಗಳನ್ನು ನನ್ನ ತಮ್ಮನಿಗೆ ಕೊಟ್ಟೆ. ನನ್ನ ಗಂಡ ಮುನಿಶಾಮಿ ತೀರಿಕೊಂಡ ಮೇಲೆ ನಮ್ಮ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ ಎಲ್ಲವನ್ನೂ ಹೆಗಲ ಮೇಲೆ ಹೊತ್ತವನು ವೆಂಕಟ್. ಹೊರಗಿನವರಿಗೆ ಕೊಟ್ಟರೆ ಮಗಳು ಹೇಗೆ ಇರುತ್ತಾಳೋ ಎಂಬ ಭಯ. ಊರಿನಲ್ಲಿ ಯಾರೂ ತಪ್ಪು ಎನ್ನಲಿಲ್ಲ. ಇಂಥ ಮದುವೆಗಳು ನಮ್ಮಲ್ಲಿ ನಡೆದೇ ಇವೆ. ಆ ಹಾಳೆಯ ಮುಂದೆ ಮಾತ್ರ ನಾನು ಕೊಂಚ ದಿನ ಮಕ್ಕಳ ಚಾಪೆಗಳನ್ನು ಎತ್ತರಕ್ಕೆ ಒಟ್ಟಿಟ್ಟೆ.

ಮೊದಲನೆಯದು ಹೆಣ್ಣು. ಮೂರು ತಿಂಗಳು ಹದಿನೆಂಟು ದಿನ ಬದುಕಿತ್ತು. ಎದೆಯಲ್ಲಿ ಕಫ ಕಟ್ಟಿ, ಉಸಿರು ಎಳೆದು ಎಳೆದು, ಮುಳಬಾಗಿಲಿಗೆ ಕರೆದುಕೊಂಡು ಹೋಗುವ ಆಟೋದಲ್ಲೇ ಹೋಯಿತು. ನಮ್ಮವರಲ್ಲಿ ಐದನೇ ತಿಂಗಳಿಗೆ ಮನೆದೇವರ ಹತ್ತಿರ ಹೆಸರಿಡುವ ಪದ್ಧತಿ. ಹೆಸರಿಡುವ ಮುಂಚೆ ಹೋದ ಕೂಸಿನ ಮಾತನ್ನು ಆಮೇಲೆ ಯಾರೂ ಎತ್ತುವುದಿಲ್ಲ. ಅದರಲ್ಲೂ ತಾಯಿ ಮತ್ತೆ ಬಸುರಿಯಾದರೆ ಅವಳ ಕಿವಿಯ ಹತ್ತಿರ ಆ ಮಾತು ಸುಳಿಯಲೂಬಾರದು. ಊರಿಗೆಲ್ಲ ಗೊತ್ತು, ಊರೆಲ್ಲ ಸುಮ್ಮನಿರುತ್ತದೆ. ಅದು ಕರುಣೆ ಎಂದೇ ನಾವೆಲ್ಲ ತಿಳಿದಿದ್ದೇವೆ.

ನಾನು ಇದನ್ನು ಕಲಿತದ್ದು ನಮ್ಮಪ್ಪನಿಂದ. ಅಪ್ಪ ಕೋದಂಡರಾಮಪ್ಪ ಭಜನೆ ಮನೆಯಲ್ಲಿ ಕಾವ್ಯ ಓದುವವರು. ದೀಪ ಹಚ್ಚಿದ ಮೇಲೆ ಓದಿಗೆ ಕೂತರೆ ಪದ್ಯವನ್ನು ಹಾಡಿ, ಆಮೇಲೆ ಅರ್ಥವನ್ನು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬಿಡಿಸಿ ಹೇಳುವರು. ಅವರ ಎಡಕ್ಕೆ ಕಂಬಕ್ಕೊರಗಿ ಕೂತು ಪ್ರತಿ ಪದ್ಯಕ್ಕೂ "ಹ್ಞೂಂ" ಎನ್ನುವ ಕೆಲಸ ಆರು ವರ್ಷದವಳಿದ್ದಾಗಿನಿಂದ ನನ್ನದು. ನನ್ನದು ಮಾತು ಕಡಿಮೆ, ಕೇಳುವುದು ಹೆಚ್ಚು. ಹೀಗೆ ಕೇಳುತ್ತ ಒಂದು ವಿಷಯ ನನಗೆ ಮಾತ್ರ ತಿಳಿಯಿತು. ಕೇಳುವವರಲ್ಲಿ ಬಸುರಿ ಹೆಂಗಸು ಕೂತಿದ್ದರೆ, ಮಕ್ಕಳು ಸಾಯುವ ಪದ್ಯ ಬಂದಾಗ ಅಪ್ಪ ಅದನ್ನು ಬಿಟ್ಟುಬಿಡುತ್ತಿದ್ದರು. ರಾಗ ಎಲ್ಲೂ ಮುರಿಯದಂತೆ ಹಿಂದಿನ ಪದ್ಯದ ಕೊನೆಯನ್ನು ಮುಂದಿನದರ ತಲೆಗೆ ಸೇರಿಸಿ ದಾಟಿಬಿಡುತ್ತಿದ್ದರು. ನನಗೆ ಅದು ಪೂಜೆಯಷ್ಟೇ ಪವಿತ್ರವಾಗಿ ಕಾಣುತ್ತಿತ್ತು.

ಚಂದನ ಮತ್ತೆ ಬಸುರಿಯಾದಾಗ ತಾಯಿ ಕಾರ್ಡು ಬರೆಯಬೇಕಿತ್ತು. ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಸಿಸ್ಟರು ನಗುತ್ತ, "ನಿಮ್ ಮಗಳದ್ದು ನೀವೇ ಬರ್ಕೊಳಿ ಟೀಚರ್" ಎಂದು ಪೆನ್ನು ಕೊಟ್ಟಳು. ಎಷ್ಟನೇ ಬಸಿರು ಎಂಬಲ್ಲಿ ಒಂದು ಎಂದು ಬರೆದೆ. ದಾಟಿಬಿಟ್ಟೆ, ಅಷ್ಟೆ. ಹೆರಿಗೆಯಾದ ನರ್ಸಿಂಗ್ ಹೋಮಿನವರು ಕಾರ್ಡು ನೋಡಿದರು, ಮೊದಲನೆಯದು ಎಂದುಕೊಂಡರು, ಎಲ್ಲ ಮಕ್ಕಳಿಗೂ ಹಾಕುವ ಹಾಗೆ ಬಿ.ಸಿ.ಜಿ. ಹಾಕಿದರು. ಅವರದೇನೂ ತಪ್ಪಿಲ್ಲ.

ಎರಡನೇ ದಿನ ರಕ್ತದ ರಿಪೋರ್ಟು ಬಂತು. ಮೇಡಮ್ ನಮ್ಮ ಮಂಚದ ಹತ್ತಿರದ ಬೆಂಚಿನ ಮೇಲೆ ಬಂದು ಕೂತರು. ಮೂವತ್ತು ದಾಟಿರದ ಹುಡುಗಿ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ನೀವು ಟೀಚರಲ್ವಾ, ನಿಮಗೆ ಹೇಳ್ತೀನಿ, ನೀವು ಇವರಿಗೆ ತಿಳಿಸಿ. ರಕ್ತದಲ್ಲಿ ರೋಗದ ಜೊತೆ ಹೊಡೆದಾಡೋ ಬಿಳಿ ಕಣ ಇರ್ತವೆ. ಅದರಲ್ಲಿ ಒಂದು ಜಾತಿ ಮೂಳೆಯೊಳಗೆ ಹುಟ್ಟಿ, ಬೆಳೆಯೋಕೆ ಅಂತ ಇಲ್ಲಿಗೆ ಬರ್ತವೆ." ತಮ್ಮ ಎದೆಮೂಳೆಯ ಮೇಲೆ ಬೆರಳಿಟ್ಟು ತೋರಿಸಿದರು. "ಇದರ ಹಿಂದೆ ಒಂದು ಗ್ರಂಥಿ ಇದೆ, ಥೈಮಸ್ ಅಂತ. ಚಿಕ್ಕ ಮಕ್ಕಳಲ್ಲಿ ದೊಡ್ಡದಾಗಿರುತ್ತೆ. ಅಲ್ಲಿ ಒಂದೊಂದು ಕಣಕ್ಕೂ ಪರೀಕ್ಷೆ. ತನ್ನ ಮೈಯನ್ನ ಗುರುತೇ ಹಿಡೀದಿದ್ರೆ ಅದು ಸಾಯುತ್ತೆ. ಗುರುತು ಹಿಡಿದು ತನ್ನ ಮೈ ಮೇಲೇ ಎಗರಿದ್ರೂ ಸಾಯುತ್ತೆ. ಎರಡರ ನಡುವೆ ಸರಿಯಾಗಿ ನಿಂತಿದ್ದು ಮಾತ್ರ ಹೊರಗೆ ಬರುತ್ತೆ."

"ಹ್ಞೂಂ," ಎಂದೆ.

"ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಅಲ್ಲೇ ಸಾಯ್ತವೆ. ಯಾರೂ ಕೊಲ್ಲಲ್ಲ. ತಾವೇ ಒಳಗೊಳಗೇ ಮುದುಡಿಕೊಂಡು, ಅಕ್ಕಪಕ್ಕಕ್ಕೆ ತೊಂದರೆ ಕೊಡ್ದೆ ಹೋಗ್ತವೆ."

"ಅಷ್ಟೊಂದಾ ಮೇಡಮ್?"

"ಅಷ್ಟು ಸತ್ರೇನೇ ನಾವು ನೆಟ್ಟಗಿರೋದು. ಆಮೇಲೂ ಅಷ್ಟೆ. ಒಂದು ಸೋಂಕು ಬಂತು ಅಂದ್ಕೊಳಿ, ಅದನ್ನ ಗುರುತು ಹಿಡಿದ ಕಣ ಒಂದಿದ್ದದ್ದು ಸಾವಿರ ಆಗುತ್ತೆ. ಸೋಂಕು ಹೋಯ್ತು, ಸಾವಿರವೂ ಇಟ್ಕೊಂಡು ಏನ್ ಮಾಡೋದು? ಹೆಚ್ಚಿನವು ಸಾಯ್ತವೆ. ನಾಲ್ಕಾರು ಉಳ್ಕೊಂಡು ನೆನಪಿಟ್ಕೊಂಡಿರ್ತವೆ. ಲಸಿಕೆ ಕೆಲಸ ಮಾಡೋದು ಹಾಗೇ. ನೀವು ಗುರುವಾರ ಗುರುವಾರ ಹಾಕಿಸ್ತೀರಲ್ಲ, ಆ ನೆನಪಿಗೋಸ್ಕರ."

"ಹ್ಞೂಂ."

"ಈ ಪಾಪೂಗೆ ಆ ಕಣ ತುಂಬ ಕಡಿಮೆ ಇದೆ. ಜೋರು ಜ್ವರದಲ್ಲೂ ಕಡಿಮೆ ಆಗುತ್ತೆ, ಜ್ವರ ಹೋದ್ಮೇಲೆ ಬರುತ್ತೆ. ಇನ್ನೊಂದು ಕಾಯಿಲೆ ಇದೆ, ಬಹಳ ಅಪರೂಪ. ಅದರಲ್ಲಿ ಬೆಳೆಯೋಕೆ ಮುಂಚೇನೇ ಎಲ್ಲಾ ಸಾಯ್ತವೆ. ಪರೀಕ್ಷೆಗೂ ಯಾವುದೂ ಉಳಿಯಲ್ಲ. ಅಂಥ ಮಗುವಿಗೆ ಬಿ.ಸಿ.ಜಿ. ಕೂಡ ಒಗ್ಗಲ್ಲ, ಎಲ್ಲರಿಗೂ ಒಳ್ಳೇದು ಮಾಡೋದು ಅದಕ್ಕೆ ಮಾತ್ರ ರೋಗ ಆಗುತ್ತೆ." ಮೇಡಮ್ ಕಾಗದ ತಿರುಗಿಸಿ ನೋಡಿದರು. "ಗಂಟು ನೋಡಿದ್ರೆ ನಂಗೆ ಅದೇ ಅನುಮಾನ ಬಂತು. ಆದ್ರೆ ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಮುಂಚೆ ಒಂದು ಮಗು ಹೀಗೇ ಹೋಗಿರುತ್ತೆ. ಇಲ್ಲಾಂದ್ರೆ ತಂದೆತಾಯಿ ತೀರಾ ಹತ್ತಿರದ ಸಂಬಂಧ ಇರ್ತಾರೆ. ನಿಮ್ದು ಎರಡೂ ಇಲ್ಲ. ಅದಕ್ಕೇ ಸದ್ಯಕ್ಕೆ ಮಾಮೂಲಿ ಸೋಂಕು ಅಂತ ಔಷಧಿ ಕೊಡ್ತಿದೀನಿ. ಮೂರು ನಾಲ್ಕು ದಿನ ನೋಡಿ ಮತ್ತೆ ರಕ್ತ ತೆಗೆಯೋಣ."

ಬಾಗಿಲು ಇಷ್ಟು ಅಗಲವಾಗಿ ತೆರೆದು ನನ್ನ ಮುಂದೆ ಇಟ್ಟಿದ್ದರು. ನಾನು ಮತ್ತೆ "ಹ್ಞೂಂ" ಎಂದೆ. ಆ ದಿನದ ಎಲ್ಲ ಹ್ಞೂಂಗಳಲ್ಲಿ ಅದೊಂದನ್ನು ಮಾತ್ರ ಈಗಲೂ ಮರೆಯಲು ಆಗಿಲ್ಲ.

ಮಧ್ಯಾಹ್ನ ಹಾಲಿನ ಲೋಟ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಚಂದನ ಹಿಂದೆಯೇ ಬಂದಳು.

"ಅಮ್ಮ, ಹೇಳ್ಬಿಡೋಣ."

"ಏನು?"

"ಏನು ಅಂತ ಕೇಳ್ತೀಯಲ್ಲ! ಮೊದಲ್ನೇದಕ್ಕೂ ಇಲ್ಲೇ ಗಂಟಿತ್ತು. ನೀರು ಹುಯ್ವಾಗ ನೀನೇ ಕೈ ಎತ್ತಿ ತೋರ್ಸಿದ್ದೆ ನಂಗೆ. ಅರಿಶಿನ ಹಚ್ಚು ಅಂದಿದ್ದೆ."

"ಲೇ, ಮೆತ್ತಗೆ ಮಾತಾಡೇ. ಆಸ್ಪತ್ರೆ ತುಂಬ ನಮ್ಮೂರೋರೇ ಇದಾರೆ. ಎಲ್ಲಾ ಮಕ್ಳಿಗೂ ಗಂಟು ಬರುತ್ತೆ."

"ಎಲ್ಲಾ ಮಕ್ಳೂ ಸಾಯ್ತಾವಾ?"

ವೆಂಕಟ್ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದ. ಅವಳ ಮುಖ ನೋಡಿ ನನ್ನ ಮುಖ ನೋಡಿದ. "ಅಕ್ಕಾ, ನಾನೇ ಹೋಗಿ ಹೇಳ್ಲಾ?"

"ಹೇಳು, ಹೋಗು. ಅಕ್ಕನ ಮಗಳನ್ನೇ ಕಟ್ಕೊಂಡಿದೀನಿ, ನಮ್ಮಕ್ಕ ಅಂಗನವಾಡಿ ಟೀಚರ್ರು, ಊರಿಗೆಲ್ಲ ಬುದ್ಧಿ ಹೇಳ್ತಾಳೆ, ಕಾರ್ಡಲ್ಲಿ ಸುಳ್ಳು ಬರ್ದಿದಾಳೆ ಅಂತ. ನನ್ ಕೆಲಸ ಹೋದ್ರೂ ಪರವಾಗಿಲ್ಲ, ಮಾನ ಹೋದ್ರೂ ಪರವಾಗಿಲ್ಲ, ಹೇಳು."

ಅವನು ಹೋಗಲಿಲ್ಲ. ಹೋಗುವುದಿಲ್ಲ ಎಂದು ತಿಳಿದೇ ಹಾಗೆ ಹೇಳಿದ್ದೆ. ಅಪ್ಪನಿಗಿಂತ ಹೆಚ್ಚಾಗಿ ಅವನನ್ನು ಸಾಕಿದವಳು ನಾನು. ನನ್ನ ಮಾತು ದಾಟಿ ಅವನು ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಆ ಪ್ರೀತಿಯನ್ನು ಆ ಹೊತ್ತಿನಲ್ಲಿ ಕೀಲಿಯಂತೆ ತಿರುಗಿಸಿ ಅವನ ಬಾಯಿಗೆ ಬೀಗ ಹಾಕಿದೆ. ಚಂದನ ಲೋಟ ಅಲ್ಲೇ ಬಿಟ್ಟು ಒಳಗೆ ಹೋದಳು. ಅಂದಿನಿಂದ ನನ್ನ ಜೊತೆ ಮಾತು ನಿಲ್ಲಿಸಿದಳು.

ಮೂರನೆಯ ದಿನ ಭೇದಿ ಶುರುವಾಯಿತು. ಮಗು ಅಳುವುದನ್ನೂ ಬಿಟ್ಟಿತು. ಬಾಯಿ ಅಳುವ ಆಕಾರಕ್ಕೆ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ನಾನು ಮೂಲೆಯಲ್ಲಿ ಕೂತು ಬಾಯಿಗೆ ಬಂದ ದೇವರ ಪದಗಳನ್ನೆಲ್ಲ ಹೇಳಿಕೊಂಡೆ. ಎಷ್ಟು ಹೇಳಿಕೊಂಡರೂ ನಡುವೆ ಮೇಡಮ್ ಕೇಳಿದ ಎರಡು ಪ್ರಶ್ನೆಗಳೇ ಬಂದು ಕೂರುತ್ತಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ಬಂದರು. ಎಪ್ಪತ್ತೆಂಟು ವರ್ಷ. ಮುಳಬಾಗಿಲಿನಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಹೆಗಲಲ್ಲಿ ಚೀಲ, ಕೈಯಲ್ಲಿ ಹುರಿಹಿಟ್ಟಿನ ಡಬ್ಬಿ. ಅವರ ಕಿವಿ ಹೋಗಿ ಐದಾರು ವರ್ಷ. ವೆಂಕಟ್ ಕೊಡಿಸಿದ ಮೆಷಿನ್ನು ಮನೆಯ ಗೂಡಿನಲ್ಲೇ ಇರುತ್ತದೆ.

"ಮೆಷಿನ್ ಹಾಕ್ಕೊಂಡು ಬರ್ಬಾರ್ದಾ ಅಪ್ಪ?" ಎಂದು ಕಿವಿಗೆ ಬಾಯಿಟ್ಟು ಕೇಳಿದೆ.

"ಅದು ಕುಂಯ್ ಅಂತ ಅಳುತ್ತಮ್ಮಾ. ಅದನ್ನ ಸಮಾಧಾನ ಮಾಡ್ಲೋ, ನಿಮ್ಮನ್ನ ಮಾತಾಡಿಸ್ಲೋ?"

ಸಾಲಿನಲ್ಲಿ ಕೂತಿದ್ದ ನಾಲ್ಕಾರು ಜನ ನಕ್ಕರು. ಕಿವಿ ಹೋದರೂ ಅಪ್ಪನ ಕಂಠ ಹೋಗಿಲ್ಲ. ಭಜನೆ ಮನೆಯ ಕೊನೆಯ ಸಾಲಿಗೆ ಕೇಳಿಸಲೆಂದು ಪಳಗಿದ ಕಂಠ. ತಮಗೆ ತಮ್ಮ ದನಿ ಕೇಳಿಸದ್ದರಿಂದ ಈಗ ಅದು ಇನ್ನೂ ದೊಡ್ಡದಾಗಿದೆ.

"ಏನಂತಾರೆ ಡಾಕ್ಟ್ರು?"

"ಜ್ವರ ಇಳೀತಿಲ್ಲ."

"ಆ?"

"ಜ್ವರ ಅಪ್ಪ, ಜ್ವರ!"

"ಜ್ವರ ಅಂತ ನಂಗೂ ಗೊತ್ತು. ಯಾಕಂತೆ?" ಎಂದವರು, ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನನ್ನೇ ನೋಡುತ್ತ ಕೇಳಿದರು. "ಮೊದಲ್ನೇ ಕೂಸು ಹೀಗೇ ಹೋಯ್ತು ಅಂತ ಹೇಳ್ದೇನಮ್ಮಾ?"

ಕಾರಿಡಾರಿನಲ್ಲಿ ಆ ಮಾತು ಉದ್ದಕ್ಕೂ ಹರಿದುಹೋಯಿತು. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ನಾನು ಅವರ ತೋಳು ಹಿಡಿದು ಕಿಟಕಿಯ ಕಡೆಗೆ ಎಳೆದು, ಇಲ್ಲ ಎಂದು ತಲೆಯಾಡಿಸಿದೆ.

"ಹೇಳ್ದೆ ಅಂತಲೋ, ಇಲ್ಲ ಅಂತಲೋ? ಬಾಯಿ ಬಿಟ್ಟು ಹೇಳು."

"ಹೇಳಿಲ್ಲ."

"ಆ?"

"ಹೇಳಿಲ್ಲಾ!"

ನಾನು ಇಷ್ಟು ಗಟ್ಟಿಯಾಗಿ ಕೂಗಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಎಲ್ಲೋ ಒಂದು ಮಗು ಬೆಚ್ಚಿ ಅಳತೊಡಗಿತು.

"ಕೇಳ್ಲಿಲ್ವಾ ಅವ್ರು?"

"ಕೇಳಿದ್ರು! ಇಲ್ಲ ಅಂದೆ!" ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲು ಆಗಲಿಲ್ಲ. "ನೀವು ಮಾಡ್ತಿದ್ದಿದ್ದೂ ಅದೇ ಅಲ್ವಾ ಅಪ್ಪ? ಬಸುರಿ ಹೆಂಗಸು ಕೂತಿದ್ರೆ ಆ ಪದ್ಯ ಬಿಟ್ಟು ಓದ್ತಿರ್ಲಿಲ್ವಾ? ನಿಮ್ಮಿಂದಾನೇ ಕಲ್ತಿದ್ದು!"

ಅಪ್ಪನಿಗೆ ಇಷ್ಟೂ ಕೇಳಿಸಿತು. ಹುರಿಹಿಟ್ಟಿನ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅವರು ಸಿಟ್ಟಾಗಿದ್ದಾರೋ ಅಳುತ್ತಾರೋ ತಿಳಿಯಲಿಲ್ಲ.

"ಬಿಟ್ಟಿದ್ದು ನಿಜ," ಎಂದರು. "ಕೇಳೋರ ಹೊಟ್ಟೆ ಉರೀಬಾರ್ದು ಅಂತ ಬಿಡ್ತಿದ್ದೆ. ಯಾರಾದ್ರೂ ಎದ್ದು ನಿಂತು, ಇಲ್ಲೊಂದು ಪದ್ಯ ಇರ್ಬೇಕಲ್ಲ ಸ್ವಾಮಿ ಅಂತ ಕೇಳಿದ್ರೆ, ಹಾಳೆ ಹಿಂದಕ್ಕೆ ತಿರುವಿ ಓದ್ತಿದ್ದೆ. ಇಲ್ಲವೇ ಇಲ್ಲ ಅಂತ ಒಂದಿನಾನೂ ಅಂದೋನಲ್ಲ. ನಿನ್ನ ಕೇಳಿದ್ರಲ್ಲಮ್ಮಾ! ಎದುರಿಗೆ ಕೂತು ಕೇಳಿದ್ರಲ್ಲ!" ಆಮೇಲೆ ದನಿ ತಗ್ಗಿಸಿದೆ ಎಂದುಕೊಂಡು, ತಗ್ಗಿಸದೆಯೇ ಹೇಳಿದರು. "ಮದುವೆಗೆ ಹ್ಞೂಂ ಅಂದೋನು ನಾನೂ ಇದೀನಿ. ನನ್ ಹೆಸ್ರೂ ಹೇಳು, ಹೋಗು."

ವಾರ್ಡಿನ ಬಾಗಿಲಲ್ಲಿ ಸಿರಿಂಜಿನ ತಟ್ಟೆ ಹಿಡಿದು ಸಿಸ್ಟರು ನಿಂತಿದ್ದಳು. ನನ್ನನ್ನು ನೋಡಿ ತಟ್ಟನೆ ಕಣ್ಣು ಬೇರೆಡೆಗೆ ಹೊರಳಿಸಿದಳು. ಅವಳಿಗೆ ಕೇಳಿಸಿತ್ತು. ನಾನು ಮೇಡಮ್ಮಿನ ಕೋಣೆಗೆ ಓಡಿದೆ. ಈಗ ಜನ ನನ್ನನ್ನು ಧೈರ್ಯವಂತೆ ಎನ್ನುತ್ತಾರೆ, ಅದಕ್ಕೇ ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಆ ಓಟ ಮಗುವಿಗಾಗಿ ಇರಲಿಲ್ಲ. ಸಿಸ್ಟರು ಹೇಳುವುದಕ್ಕೆ ಮುಂಚೆ ನಾನೇ ಹೇಳಿದೆ ಎಂದಾದರೂ ಆಗಲಿ ಎಂದು ಓಡಿದೆ.

ಶ್ರೀವಾಣಿ ಮೇಡಮ್ ಟೀ ಕುಡಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಮೂರು ತಿಂಗಳು ಹದಿನೆಂಟು ದಿನ, ಕಂಕುಳ ಗಂಟು, ತಾಯಿ ಕಾರ್ಡು, ವೆಂಕಟ್ ನನ್ನ ತಮ್ಮ. ಸತ್ತ ಮಗುವನ್ನು ಅಂಗನವಾಡಿ ರಿಜಿಸ್ಟರಿನಲ್ಲಿ ವಲಸೆ ಹೋಗಿದೆ ಎಂದು ತೋರಿಸಿದ್ದನ್ನೂ ಹೇಳಿದೆ. ಅದನ್ನು ಯಾರೂ ಕೇಳಿರಲಿಲ್ಲ. ಮೇಡಮ್ ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಒಂದು ಬಿಳಿ ಹಾಳೆ ಎಳೆದುಕೊಂಡು ಮೇಲೆ ಒಂದು ಚೌಕ, ಒಂದು ಸೊನ್ನೆ ಬರೆದರು.

"ಇದು ನಿಮ್ಮ ತಂದೆ, ಇದು ತಾಯಿ. ಇವರಿಗೆ ನೀವು, ವೆಂಕಟ್. ನಿಮಗೆ ಚಂದನ. ಈಗ ಚಂದನಾನ ಎಲ್ಲಿಗೆ ಸೇರಿಸ್ಲಿ?"

"ವೆಂಕಟ್‌ಗೆ."

ಚಂದನಳ ಸೊನ್ನೆಯಿಂದ ಹೊರಟ ಗೆರೆ ಮೇಲಕ್ಕೆ ಹೊರಳಿ ನನ್ನ ಪಕ್ಕದ ಚೌಕಕ್ಕೇ ಬಂದು ಸೇರಿತು. ಮೇಡಮ್ ಆ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದರು. ಅದರ ಕೆಳಗೆ ಒಂದು ಚಿಕ್ಕ ಸೊನ್ನೆ ಬರೆದು, ಅದನ್ನು ಓರೆಯಾಗಿ ಹೊಡೆದುಹಾಕಿದರು. ಪಕ್ಕದಲ್ಲಿ ಚಿಕ್ಕ ಚೌಕ. ಆ ಚೌಕವನ್ನು ಹಾಗೆಯೇ ಬಿಟ್ಟರು.

"ನಾಲ್ಕು ದಿನ ಟೀಚರ್," ಎಂದರು. "ನಾಲ್ಕು ದಿನ ಅಂದ್ರೆ ಈ ಮಗುವಿಗೆ ಎಷ್ಟು ಅಂತ ನಿಮಗೆ ಗೊತ್ತಾ? ಹುಟ್ಟಿದ ದಿನಾನೇ ಇದೆಲ್ಲ ಗೊತ್ತಿದ್ದಿದ್ರೆ ಬಿ.ಸಿ.ಜಿ. ತಡೆದು, ಮೊದಲು ರಕ್ತ ನೋಡ್ತಿದ್ರು."

ಅಷ್ಟು ಹೇಳಿ ಫೋನೆತ್ತಿದರು. ಮಧ್ಯಾಹ್ನ ಎರಡು ಗಂಟೆಯೊಳಗೆ ಮಗು ಬೆಂಗಳೂರಿನ ದಾರಿಯಲ್ಲಿತ್ತು.

ಅಲ್ಲಿ ಮಾಡಿದ ಪರೀಕ್ಷೆಯಲ್ಲಿ ಮೇಡಮ್ಮಿನ ಅನುಮಾನವೇ ನಿಜವಾಯಿತು. ಕಣದೊಳಗಿನ ಕಸವನ್ನು ಗುಡಿಸುವ ಒಂದು ಸಣ್ಣ ವಸ್ತು ಮೈಯಲ್ಲಿ ತಯಾರಾಗುತ್ತದಂತೆ. ಈ ಮಗುವಿನಲ್ಲಿ ಅದಿಲ್ಲ. ಕಸ ಸೇರಿ ಸೇರಿ ವಿಷವಾಗಿ, ಎಳೆಯ ಕಣಗಳನ್ನು ಬೆಳೆಯುವ ಮುಂಚೆಯೇ ಕೊಲ್ಲುತ್ತದೆ. ಆ ವಸ್ತುವನ್ನು ತಯಾರಿಸುವ ಗುಟ್ಟು, ಜೀನು ಎನ್ನುತ್ತಾರಲ್ಲ ಅದು, ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು ಬರುತ್ತದೆ. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ನಮ್ಮ ಮನೆಯ ಕೆಟ್ಟದ್ದೊಂದು ಅಪ್ಪನಿಂದಲೋ ಅವ್ವನಿಂದಲೋ ನನಗೂ ವೆಂಕಟ್‌ಗೂ ಬಂದು, ನನ್ನ ಮೂಲಕ ಚಂದನಳಿಗೆ ಹೋಗಿ, ಎರಡು ದಾರಿಯಲ್ಲಿ ಹೊರಟು ಒಂದೇ ಮಗುವಿನಲ್ಲಿ ಕೂಡಿತ್ತು. ಎರಡು ಸಲ ಕೂಡಿತ್ತು.

ಬೇರೆಯವರ ಮೂಳೆಮಜ್ಜೆ ಹಾಕಬೇಕು ಎಂದರು. ಹೊಂದಬೇಕು. ಮನೆಯವರೆಲ್ಲರ ರಕ್ತ ತೆಗೆದರು. ಸಾಮಾನ್ಯವಾಗಿ ಅಜ್ಜಿಯದು ಹೊಂದುವುದು ಅಪರೂಪ, ಆದರೆ ಇಂಥ ಮದುವೆಯ ಮನೆಗಳಲ್ಲಿ ಹಾಗಾಗುವುದುಂಟು ಎಂದು ಅಲ್ಲಿನ ದೊಡ್ಡ ಡಾಕ್ಟರು ಹೇಳಿದರು. ಹೊಂದಿದ್ದು ನನ್ನದು. ಯಾವ ಹತ್ತಿರದಿಂದ ಕಾಯಿಲೆ ಬಂತೋ ಅದೇ ಹತ್ತಿರದಿಂದ ಔಷಧಿಯೂ ಸಿಕ್ಕಿತು. ದೇವರು ನನಗೆ ಕೊಟ್ಟ ಕ್ಷಮೆ ಎಂದು ಅದನ್ನು ತೆಗೆದುಕೊಳ್ಳಲು ನನಗೆ ಮುಖವಿರಲಿಲ್ಲ. ಇನ್ನೊಂದು ಕೆಲಸ ಕೊಟ್ಟ ಎಂದುಕೊಂಡೆ.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಎರಡು ವಾರ ಕೂರಲು ಏಳಲು ನೋವಿತ್ತು. ಆ ನೋವು ನನಗೆ ಬೇಕಾಗಿತ್ತು, ಅದು ಬೇಗ ಹೋಗಿಬಿಟ್ಟಿತು.

ಊರಿನಿಂದ ಫೋನಿನ ಮೇಲೆ ಫೋನು. "ಟೀಚರಮ್ಮಾ, ನಿಮ್ಮ ರಕ್ತ ಕೊಟ್ಟು ಕೂಸನ್ನ ಉಳಿಸ್ಕೊಂಡ್ರಂತೆ, ನೀವು ದೇವರಮ್ಮಾ." ತಾಲ್ಲೂಕಿನ ಸಭೆಯಲ್ಲಿ ಹಾರ ಹಾಕಬೇಕು ಎಂದು ಯಾರೋ ಹೇಳಿದರಂತೆ. ನಾನು "ಇಲ್ಲಪ್ಪ, ಇಲ್ಲಪ್ಪ" ಎಂದೆ. ಅದನ್ನೂ ವಿನಯ ಎಂದುಕೊಂಡರು. ಚಂದನ ಗಾಜಿನ ಆಚೆಯ ಕೋಣೆಯಲ್ಲಿ ಮಗುವಿನ ಜೊತೆ ಇದ್ದಳು, ಬೇಕಾದ್ದನ್ನು ವೆಂಕಟ್‌ಗೆ ಹೇಳುತ್ತಿದ್ದಳು. ನಾನು ಗಾಜಿನ ಈಚೆ.

ಅಲ್ಲಿನ ಡಾಕ್ಟರು ಮುಂದಿನ ಅಪಾಯವನ್ನೂ ತಿಳಿಸಿದ್ದರು. ನನ್ನ ಮಜ್ಜೆ ಅವನ ಮೂಳೆಯಲ್ಲಿ ನೆಲೆ ನಿಲ್ಲಬೇಕು. ಅಲ್ಲಿ ಹುಟ್ಟಿದ ಕಣಗಳು ಅವನ ಎದೆಯ ಗ್ರಂಥಿಗೆ ಹೋಗಿ ಪರೀಕ್ಷೆಗೆ ನಿಲ್ಲಬೇಕು. ನನ್ನ ಕಣಗಳಲ್ಲಿ ಕೆಲವು ಅವನನ್ನೇ ಅನ್ಯ ಎಂದು ತಿಳಿದು ಅವನ ಚರ್ಮ, ಹೊಟ್ಟೆ, ಲಿವರಿನ ಮೇಲೆ ಎಗರಬಹುದು. ಹಾಗಾದರೆ ಕಷ್ಟ. ಅದಕ್ಕೇ ಔಷಧಿ ಕೊಡುತ್ತಿದ್ದರು. ಎಂಟು ವಾರ ಗಾಜಿನ ಮುಂದೆ ಕೂತು ಒಂದನ್ನೇ ಬೇಡಿಕೊಂಡೆ. ಅವನನ್ನು ಗುರುತು ಹಿಡಿಯದವು ಸಾಯಲಿ. ಅವನ ಮೇಲೆ ಏಳುವವು ಸಾಯಲಿ. ನನ್ನವೇ ಆದರೂ ಸಾಯಲಿ, ನನ್ನವಾದ್ದರಿಂದಲೇ ಸಾಯಲಿ. ಅವನ ಪಾಡಿಗೆ ಅವನನ್ನು ಬಿಟ್ಟು ಕಾಯುವವು ನೂರರಲ್ಲಿ ಮೂರು ಉಳಿದರೂ ಸಾಕು.

ಒಂಬತ್ತನೇ ವಾರ ಕಣಗಳ ಲೆಕ್ಕ ಮೊದಲ ಸಲ ಏರಿತು. ಸ್ವಲ್ಪವೇ. "ಇನ್ನೂ ವರ್ಷ ಬೇಕು, ಈಗಲೇ ಗೆದ್ವಿ ಅನ್ಬೇಡಿ," ಎಂದರು ಡಾಕ್ಟರು. ಮಗುವನ್ನು ಮೊದಲ ಸಲ ಗಾಜಿನ ಬಾಗಿಲಿನ ಈಚೆಗೆ ತಂದು, ಬಾಯಿಗೆ ಮಾಸ್ಕು ಕಟ್ಟಿಕೊಂಡು ಚಂದನ ನನ್ನಿಂದ ಎರಡು ಕುರ್ಚಿ ದೂರದಲ್ಲಿ ಕೂತಳು. ಮಗು ಅಳುತ್ತಿತ್ತು. ದನಿ ಇತ್ತು.

ಮಾಲೂರಿನ ಕಡೆಯ ರಜನಿ ಎಂಬ ಹುಡುಗಿ ಅಲ್ಲೇ ಕೂತಿದ್ದಳು. ಅವಳ ಮಗುವಿಗೂ ಅಂಥದೇ ಏನೋ, ಬಂದು ವಾರವಾಗಿತ್ತು. ನನ್ನ ಕಡೆ ತಿರುಗಿ ಕೈಮುಗಿದಳು.

"ನಿಮ್ ವಿಷಯ ಸಿಸ್ಟರ್ ಹೇಳಿದ್ರು ಅಜ್ಜಿ. ನಿಮ್ಮಂಥೋರು ಮನೇಲಿರ್ಬೇಕು. ನಮ್ಮತ್ತೆ ನೋಡಿ, ಸೂಜಿ ಅಂದ್ರೇ ಓಡ್ತಾರೆ." ಆಮೇಲೆ ಮಗುವಿನ ತೋಳಿನ ಗುಂಡಿ ಬಿದ್ದ ಕಲೆ, ಕಂಕುಳಲ್ಲಿ ಗಂಟು ಕೊಯ್ದ ಗುರುತು ನೋಡಿ ಕೇಳಿದಳು. "ಯಾಕಜ್ಜಿ, ನಿಮ್ದು ಇಷ್ಟು ತಡವಾಗಿ ಗೊತ್ತಾಯ್ತಾ? ಡಾಕ್ಟ್ರು ಕೇಳ್ಲಿಲ್ವಾ?"

"ಕೇಳಿದ್ರಮ್ಮ," ಎಂದೆ. "ಇವನ ಮುಂಚೆ ಒಂದು ಹೆಣ್ಣುಮಗು ಹೀಗೇ ಹೋಗಿತ್ತು. ಇದೇ ಗಂಟು. ಡಾಕ್ಟ್ರು ಕೇಳಿದಾಗ ನಾನು ಇಲ್ಲ ಅಂದೆ. ನನ್ನ ಮಗಳನ್ನ ನನ್ನ ತಮ್ಮಂಗೇ ಕೊಟ್ಟಿದೀನಿ, ಅದು ತಿಳಿದ್ರೆ ನಾಚಿಕೆ ಅಂತ ಅದನ್ನೂ ಮುಚ್ಚಿಟ್ಟೆ. ಇವಳು ಹೇಳೋಣ ಅಂದ್ಳು. ನಾನೇ ಇವಳ ಬಾಯಿ ಮುಚ್ಚಿಸ್ದೆ."

ರಜನಿಯ ಮುಖದ ನಗು ಇಳಿಯಿತು. ನಮ್ಮಿಬ್ಬರ ನಡುವೆ ಇದ್ದ ತನ್ನ ಚೀಲವನ್ನು ಎತ್ತಿ ಆಚೆ ಕಡೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬೇರೆ ಸಾಲಿಗೆ ಹೋದಳು.

ನಾನು ನೆಲ ನೋಡುತ್ತ ಕೂತೆ. ತಲೆಯೆತ್ತಲು ಆಗಲಿಲ್ಲ.

"ಅವಳಿಗೆ ಎಡಗೆನ್ನೆ ಮೇಲೆ ಮಚ್ಚೆ ಇತ್ತು," ಎಂದಳು ಚಂದನ. ಮಾಸ್ಕಿನ ಹಿಂದಿನಿಂದ, ಯಾರಿಗೋ ಹೇಳುವಂತೆ. "ಹಾಲು ಕುಡೀವಾಗ ಒಂದು ಕಾಲು ಒದೀತಿದ್ಳು. ಬಲಗಾಲು. ಮೂರು ವರ್ಷದಿಂದ ಯಾರ ಹತ್ರಾನೂ ಹೇಳೋಕೆ ಆಗಿರ್ಲಿಲ್ಲ ನಂಗೆ."

ಕ್ಷಮಿಸು ಎಂದು ನಾನು ಅವಳಿಗೆ ಹೇಳಬೇಕಿತ್ತು. ಅವಳು ನನ್ನ ಕಡೆ ನೋಡಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ. ಮಗುವಿನ ಬೆನ್ನು ತಟ್ಟುತ್ತ, ಸತ್ತ ಮಗುವಿನ ಉಗುರು, ಅದರ ಕೂದಲ ಸುಳಿ, ಆಟೋದಲ್ಲಿ ಅದು ಕೊನೆಗೆ ಹಿಡಿದುಕೊಂಡಿದ್ದ ತನ್ನ ಬೆರಳು, ಒಂದೊಂದನ್ನೇ ಹೇಳತೊಡಗಿದಳು. ಎಲ್ಲ ಹೇಳಿ ಮುಗಿಸುವ ತನಕ ನಾನು ಕದಲದೆ ಕೇಳಿದೆ. ನಡುವೆ ಒಂದು ಸಲವೂ ಹ್ಞೂಂ ಎನ್ನಲಿಲ್ಲ.